ಗೆರೆಯೊಳಗೆ ಐದನೆಯ ದಿಂಬು

ರೀ,

ಬೆಳಗಿನ ಪಾಳಿ, ಆಸ್ಪತ್ರೆಗೆ ಹೊರಟೆ. ನೀವು ಗೊರಕೆ ಹೊಡೀತಿದ್ರಿ, ಎಬ್ಬಿಸೋಕೆ ಮನಸ್ಸಾಗಲಿಲ್ಲ.

ಹಡಗಿನ ಪ್ರವಾಸದವರಿಗೆ ಹನ್ನೆರಡರೊಳಗೆ ಫೋನ್ ಮಾಡಿ, ಮರೀಬೇಡಿ. ಜಾರುಬಂಡೆ ಇರೋ ದೊಡ್ಡ ಹಡಗು ಬೇಡ್ವೇ ಬೇಡ. ಅದರಲ್ಲಿ ಜಾರೋ ಆಸೆ ನಿಮಗೆ, ಮಕ್ಕಳಿಗಲ್ಲ. ಚಿಕ್ಕ ಹಡಗೇ ಇರಲಿ. ಅಲ್ಲಿ ಇನ್ನೂ ಚಡ್ಡಿ ಒದ್ದೆ ಮಾಡ್ಕೊಳ್ಳೋ ಮಕ್ಕಳನ್ನೂ ಆಟದ ಕೋಣೆಗೆ ಸೇರಿಸ್ಕೋತಾರಂತೆ, ವಿಚಾರಿಸಿದ್ದೀನಿ.

ಪುಟ್ಟಿ ಹಾಲು ಒಲೆ ಮೇಲಿದೆ. ಆರಿಸಿ ಕೊಡಿ.

ನೀವು ಬಡಗಿ, ಅಳತೆ ಇಲ್ಲದೆ ನಿಮಗೆ ಏನೂ ನಂಬಿಕೆ ಇಲ್ಲ, ಒಪ್ಪಿದೆ. ಆದ್ರೂ ಹಡಗಿನ ಕೋಣೆ ಎಷ್ಟಿರುತ್ತೋ ಅಷ್ಟಕ್ಕೆ ಹಾಲ್‌ನಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಮೂರು ದಿನದಿಂದ ನಾಲ್ಕೂ ಜನರನ್ನ ಅದರೊಳಗೇ ಮಲಗಿಸ್ತಿದ್ದೀರಲ್ಲ, ಹೊರಗೆ ಹೇಳಿದ್ರೆ ನಗ್ತಾರೆ. ನೀರು ಕುಡಿಯೋಕೆ ಗೆರೆ ದಾಟಿದ್ರೆ ಗುಂಡ "ಅಮ್ಮ ಮುಳುಗಿದ್ಲು!" ಅಂತ ಕಿರುಚ್ತಾನೆ.

ಇನ್ನೊಂದು ಮಾತು. ನಾಲ್ಕು ಜನರ ಕೋಣೆ ಹೇಳಬೇಡಿ. "ಅಷ್ಟು ನೀರು ಕಂಡ್ರೆ ನಂಗಾಗಲ್ಲಪ್ಪ, ನೀವೇ ಹೋಗ್ಬನ್ನಿ" ಅಂತ ನಿಮ್ಮಮ್ಮ ತಿಂಗಳಿಂದ ಹಟ ಹಿಡಿದಿದ್ರು ತಾನೇ? ಇವತ್ತು ಎದ್ದು ನೋಡಿದ್ರೆ ಅವರ ಮಂಚ ಖಾಲಿ. ದಿಂಬು ತಂದ್ಕೊಂಡು ಪುಟ್ಟಿ ಪಕ್ಕದಲ್ಲಿ ಮಲಗಿದ್ದಾರೆ. ಕಾಲು ಗೆರೆ ದಾಟದ ಹಾಗೆ ಮುದುರ್ಕೊಂಡಿದ್ದಾರೆ.

ಅವರನ್ನ ಏನೂ ಕೇಳಬೇಡಿ. ಅವರು ಏಳೋದ್ರೊಳಗೆ ಆ ಕಡೆ ಗೆರೆ ಅಳಿಸಿ, ಕಾಲು ಚಾಚೋ ಅಷ್ಟು ದೂರಕ್ಕೆ ಹೊಸದು ಎಳೆದಿಡಿ.