ಅಂಬುಜೆಯ ಇಂಗ್ಲಿಷ್ ಅವಳೊಬ್ಬಳಿಗೇ

ಮಧುಗಿರಿ ಬೆಟ್ಟದ ಬುಡ
ಫೆಬ್ರವರಿ ೩೦, ೨೨೯೧

ಇಂಗ್ಲಿಷ್ ಕಲಿಯುವ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಪುಸ್ತಕ ಆರಿಸಲು ಕುಳಿತಿರುವ ಹಿಂದಿನ ಕಾಲದ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ವರ್ಷದಲ್ಲಿ ತಡೆದುಕೊಳ್ಳಬಹುದಾದ ತಿಂಗಳು ಇದೊಂದೇ ಉಳಿದಿರುವುದರಿಂದ ನಮ್ಮವರು ಮೇ ತಿಂಗಳಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಕೊಟ್ಟರು. ಸೆಕೆ ಕಡಿಮೆಯಾಗಲಿಲ್ಲ, ಸಂಬಳದ ದಿನ ಮಾತ್ರ ಮುಂದಕ್ಕೆ ಹೋಯಿತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಕಾಗದ ನಿಮ್ಮನ್ನು ತಲುಪಿದ್ದು ಹೇಗೆಂದು ಮಾತ್ರ ಕೇಳಬೇಡಿ. ನಮ್ಮ ಅಂಚೆಗೆ ಪಕ್ಕದ ಬೀದಿ ಬಲು ದೂರ, ಹಿಂದಿನ ಶತಮಾನಗಳೇ ಹತ್ತಿರ.

ನನ್ನ ಹೆಸರು ಚಿಕ್ಕೀರಪ್ಪ. ವಯಸ್ಸು ನಲವತ್ತಾರು, ಕನ್ನಡ ಮಾಧ್ಯಮದಲ್ಲಿ ಓದಿದ ಪದವೀಧರ. ಇಲ್ಲಿನ ಆಯ್ಕೆಮನೆಯಲ್ಲಿ ನೌಕರ. ಆಯ್ಕೆಮನೆ ಎಂದರೆ ಮಕ್ಕಳ ಕೈಗೆ ಯಾವ ಪುಸ್ತಕ ಹೋಗಬೇಕೆಂದು ತೀರ್ಮಾನಿಸುವ ಕಚೇರಿ. ಇಂಗ್ಲಿಷ್ ಸಲೀಸಾಗಿ ಬಾರದವನೊಬ್ಬ ಅಲ್ಲಿ ಇರಲೇಬೇಕೆಂಬ ನಿಯಮವಿದೆ. ಆ ಅರ್ಹತೆ ನನ್ನಲ್ಲಿ ಧಾರಾಳವಾಗಿತ್ತು.

ನಮ್ಮ ಶಾಲೆಗೆ ಗೋಡೆಗಳಿಲ್ಲ, ನೆರಳುಪಾಳಿ ಇದೆ. ಬೆಳಿಗ್ಗೆ ಬಂಡೆಯ ಪಡುವಣ ನೆರಳಿನಲ್ಲಿ ಪಾಠ. ನೆರಳು ಸರಿದಂತೆ ಮಕ್ಕಳೂ ಚಾಪೆ ಸುತ್ತಿಕೊಂಡು ಸರಿಯುತ್ತಾರೆ. ನಡುಹಗಲು ಎಲ್ಲರಿಗೂ ಗುಹೆಯೊಳಗೆ ನಿದ್ದೆ, ಇಳಿಹೊತ್ತಿಗೆ ಮೂಡಣ ನೆರಳಿನಲ್ಲಿ ಮತ್ತೆ ಪಾಠ. ದೂರದಿಂದ ನೋಡಿದವರಿಗೆ ಬಹಳ ಶಿಸ್ತಿನ ಶಾಲೆ ಅನ್ನಿಸುತ್ತದೆ. ಮಕ್ಕಳೆಲ್ಲ ಪುಸ್ತಕ ಹಿಡಿದು ತುಟಿ ಆಡಿಸುತ್ತಿರುತ್ತಾರೆ. ಪಕ್ಕದವರನ್ನು 'ಲೇ, ಇದಕ್ಕೇನೋ ಅರ್ಥ?' ಎಂದು ತಿವಿಯುವ ಮಗು ಒಂದೂ ಇಲ್ಲ. ಆ ಶಾಂತಿಯನ್ನು ನಾವು ಬಹಳ ವರ್ಷ ಹೊಗಳಿದೆವು.

ನಿಮ್ಮ ಕಾಲದಲ್ಲಿ ಒಂದು ಪದ್ಧತಿ ಇತ್ತಂತೆ. ಮಗು ಪುಸ್ತಕದ ಒಂದು ಪುಟ ತೆರೆದು ಓದಬೇಕು, ಅರ್ಥವಾಗದ ಮಾತು ಬಂದಾಗಲೆಲ್ಲ ಒಂದು ಬೆರಳು ಮಡಚಬೇಕು. ಐದೂ ಮಡಚಿಹೋದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಒಂದೋ ಎರಡೋ ಮಡಚಿದರೆ ಅದೇ ಸರಿಯಾದ ಪುಸ್ತಕ. ಒಳ್ಳೆಯ ಪದ್ಧತಿ. ನಿಮ್ಮ ನಂತರದವರು ಅದನ್ನು ಇನ್ನಷ್ಟು ಒಳ್ಳೆಯದು ಮಾಡಲು ಹೋದರು. ಒಂದು ಬೆರಳಾದರೂ ಯಾಕೆ ಮಡಚಬೇಕು, ಮಗುವಿಗೆ ಅಷ್ಟಾದರೂ ಯಾಕೆ ನೋವು? ಆಯ್ಕೆಮನೆಯ ಬಾಗಿಲ ಮೇಲೆ ಈಗಲೂ ಹಲಗೆಯಿದೆ: 'ಬೆರಳು ಮಡಚದಿರಲಿ, ಮನಸು ಮುದುಡದಿರಲಿ.' ಪ್ರಾಸ ಚೆನ್ನಾಗಿದೆ. ಪ್ರಾಸ ಚೆನ್ನಾಗಿದ್ದರೆ ನಾನು ಅರ್ಥದ ಗೋಜಿಗೆ ಹೋಗುವವನಲ್ಲ, ಅದರ ಕೆಳಗೇ ಕೂತು ಬುತ್ತಿ ಉಂಡವನು.

ಹೀಗೆ ಹುಟ್ಟಿದ್ದು ಹೊಂದುಹೊತ್ತಿಗೆ. ಅದು ಓದುವ ಮಗುವಿನ ಮುಖ ನೋಡಿಕೊಂಡು ತನ್ನನ್ನೇ ತಿದ್ದಿಕೊಳ್ಳುವ ಪುಸ್ತಕ. ಮಗುವಿನ ಹುಬ್ಬು ಗಂಟಾದರೆ ಆ ಪದ ಹೋಗಿ ಸುಲಭದ ಪದ ಬರುತ್ತದೆ. ಆಕಳಿಸಿದರೆ ಕಥೆಯೇ ಬೇರೆ ದಾರಿ ಹಿಡಿಯುತ್ತದೆ. ಅದಕ್ಕಿಂತ ಸುಲಭದ ಪದ ಸಿಗದಿದ್ದಾಗ, ಮಗು ಗುನುಗುವ ಸದ್ದಿನಿಂದಲೇ ಪುಸ್ತಕ ಹೊಸದೊಂದು ಪದ ಮಾಡಿಕೊಡುತ್ತದೆ. ಇದು ನಮಗೆ ಗೊತ್ತಿರಲಿಲ್ಲ. ಪರೀಕ್ಷೆಯೂ ಹಾಗೇ ಹೊಂದಿಕೊಳ್ಳುವುದರಿಂದ ಎಲ್ಲರಿಗೂ ನೂರಕ್ಕೆ ನೂರು. ಮೇಷ್ಟರಿಗೂ ಖುಷಿ, ಮನೆಯವರಿಗೂ ಖುಷಿ.

ನನ್ನ ಮಗಳು ಅಂಬುಜೆ, ಒಂಬತ್ತನೇ ತರಗತಿ. ಅವಳ ಗೆಳತಿ ನಗೀನಾ, ಪಕ್ಕದ ಗುಹೆಮನೆಯವಳು. ಕಳೆದ ಶ್ರಾವಣದಲ್ಲಿ ನನ್ನ ಭಾವಮೈದುನ ಬಂದಿದ್ದ. ಅವನ ಮುಂದೆ ಜಂಬ ಕೊಚ್ಚಿಕೊಳ್ಳುವ ಆಸೆಯಿಂದ ಇಬ್ಬರನ್ನೂ ಎದುರುಬದುರು ಕೂರಿಸಿ, "ಇಂಗ್ಲಿಷಲ್ಲಿ ಏನಾದ್ರೂ ಮಾತಾಡ್ರಮ್ಮ, ಮಾವ ಕೇಳ್ಲಿ" ಎಂದೆ.

ಅಂಬುಜೆ ಶುರುಮಾಡಿದಳು. ನೀರು ಹರಿದ ಹಾಗೆ ಮಾತು. ನಗೀನಾ ಉತ್ತರ ಕೊಟ್ಟಳು, ಅದೂ ಹಾಗೇ, ಎಲ್ಲೂ ತಡೆಯಿಲ್ಲ. ಭಾವಮೈದುನ ತಲೆದೂಗಿದ. ಅಂಬುಜೆ ಏನೋ ಹೇಳಿ ತಾನೇ ನಕ್ಕಳು. ನಗೀನಾ ನಗಲಿಲ್ಲ. ಸ್ವಲ್ಪ ಹೊತ್ತಿನ ನಂತರ ನಗೀನಾ ಏನೋ ಹೇಳಿ ಕಣ್ಣು ಒರೆಸಿಕೊಂಡಳು. ಅಂಬುಜೆ ಸುಮ್ಮನೆ ಅವಳ ಬಾಯಿಯನ್ನೇ ನೋಡುತ್ತಿದ್ದಳು.

"ಅಂಕಲ್," ಎಂದಳು ನಗೀನಾ ಕನ್ನಡದಲ್ಲಿ, "ಇವಳು ಯಾವ ಭಾಷೆ ಮಾತಾಡ್ತಿದ್ದಾಳೆ?"

"ನಾನಲ್ಲ ಕಣೇ, ನೀನು!" ಎಂದಳು ಅಂಬುಜೆ.

ಇಬ್ಬರ ಹೊತ್ತಿಗೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಹೊರಗೆ ಒಂದೇ ಹೆಸರು, ಒಂದೇ ರಟ್ಟು. ಒಳಗೆ ಶಿಶುವಿಹಾರದಲ್ಲಿ ಟೀಚರ್ ಬಾಯಿಂದಲೇ ಕಲಿತ ಸಣ್ಣಪುಟ್ಟ ಪದಗಳನ್ನು ಬಿಟ್ಟರೆ ಒಂದು ಸಾಲೂ ಒಂದಕ್ಕೊಂದು ಕೂಡುತ್ತಿರಲಿಲ್ಲ. ಅಂಬುಜೆಯ ಪುಸ್ತಕದ ಚಿತ್ರಗಳಲ್ಲಿ ನಮ್ಮ ಮನೆಯ ಒರಳುಕಲ್ಲಿತ್ತು, ಸತ್ತುಹೋದ ನಮ್ಮ ಬೆಕ್ಕಿತ್ತು. ಬೆಕ್ಕು ಅದರಲ್ಲಿ ಇನ್ನೂ ಬದುಕಿತ್ತು.

ಮರುದಿನ ರೇಡಿಯೋ ಗುಡಾರಕ್ಕೆ ಹೋದೆ. ಕಡಲಾಚೆಯ ಊರುಗಳಿಂದ ಇಂಗ್ಲಿಷಿನಲ್ಲಿ ಸುದ್ದಿ ಬರುವ ಜಾಗ ಅದು. ಹಲವು ವರ್ಷಗಳಿಂದ ಸಿಗ್ನಲ್ ಕೆಟ್ಟಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಕಿವಿಗಿಟ್ಟುಕೊಂಡೆ. ಸಿಗ್ನಲ್ ಸ್ವಚ್ಛವಾಗಿತ್ತು. ಹೆಂಗಸೊಬ್ಬಳು ಅಳುತ್ತಾ ಏನೋ ಬೇಡಿಕೊಳ್ಳುತ್ತಿದ್ದಳು. ನಂತರ ಒಬ್ಬ ಗಂಡಸು, ನಂತರ ಒಂದು ಮಗು. ಒಬ್ಬರ ಮಾತಿನಂತೆ ಇನ್ನೊಬ್ಬರದಿರಲಿಲ್ಲ. ಎಲ್ಲರೂ ನಿರರ್ಗಳವಾಗಿ ಮಾತಾಡುತ್ತಿದ್ದರು. ಯಾರೂ ಯಾರಿಗೂ ಉತ್ತರ ಕೊಡುತ್ತಿರಲಿಲ್ಲ.

ಆಯ್ಕೆಮನೆಯ ಮುಖ್ಯಸ್ಥೆ ಪುಟ್ಟಗೌರಮ್ಮನವರಿಗೆ ಎಲ್ಲವನ್ನೂ ಹೇಳಿದೆ. ಬದಲಾಗದ ಅಚ್ಚಿನ ಪುಸ್ತಕ, ಎಲ್ಲರಿಗೂ ಒಂದೇ ಪುಸ್ತಕ ಕೊಡೋಣ ಎಂದೆ. ಅವರು ಎಲೆಯಡಿಕೆ ಮಡಚುತ್ತಾ, "ಏನಪ್ಪ ಚಿಕ್ಕೀರಪ್ಪ, ಮಕ್ಕಳಿಗೆ ಕಷ್ಟ ಕೊಡೋಕಾ ಸರ್ಕಾರ ನಮ್ಮನ್ನಿಲ್ಲಿ ಕೂರ್ಸಿರೋದು? ಎಲ್ಲಾ ನೂರಕ್ಕೆ ನೂರು ತಗೊಳ್ತಿದ್ದಾವೆ. ನಿಂಗೆ ಇಂಗ್ಲಿಷ್ ಬರಲ್ಲ ಅಂತ ಎಲ್ಲರಿಗೂ ಬರಬಾರದಾ?" ಎಂದರು. ಸುತ್ತಲಿನವರು ನಕ್ಕರು. ನಾನೂ ನಕ್ಕೆ, ಏಟು ಚೆನ್ನಾಗಿತ್ತು.

ಅಚ್ಚಿನ ಪುಸ್ತಕ ಹುಡುಕುವುದೂ ಸುಲಭವಾಗಿರಲಿಲ್ಲ. ಬೆರಳು ಮಡಚಿಸುತ್ತವೆ ಎಂದು ಹಿಂದಿನವರು ಅವನ್ನೆಲ್ಲ ಇಟ್ಟಿಗೆಗೂಡಿಗೆ ಹಾಕಿದ್ದರು. ಕೊನೆಗೆ ಕಚೇರಿಯ ಕಿಟಕಿಯ ಸಂದಿಗೆ ಗಾಳಿ ಬಾರದಂತೆ ತುರುಕಿದ್ದ, ಹಳೆಯ ಇಂಗ್ಲಿಷ್ ಕಥೆಯೊಂದರ ಕೆಲವು ಹಾಳೆ ಸಿಕ್ಕವು. ಅಂಬುಜೆಗೆ ಕೊಟ್ಟೆ. ಅವಳು ಹುಬ್ಬು ಗಂಟಿಕ್ಕಿ ಹಾಳೆಯನ್ನು ದಿಟ್ಟಿಸಿದಳು. ಕಾದಳು. ಅಲುಗಾಡಿಸಿದಳು. ಆಮೇಲೆ ಮೆಲ್ಲಗೆ ನನ್ನ ಕೈಗೆ ವಾಪಸ್ಸಿಟ್ಟಳು.

"ಅಪ್ಪ, ಇದು ಸತ್ತೋಗಿದೆ. ನಾನು ನೋಡ್ತೀನಿ, ಅದು ನನ್ನ ನೋಡಲ್ಲ."

ಇಷ್ಟೇ ಆಗಿದ್ದರೆ ನಾನು ನಿಮಗೆ ಬರೆಯುತ್ತಿರಲಿಲ್ಲ. ಇಂಗ್ಲಿಷ್ ಬಾರದೆಯೂ ಬದುಕಬಹುದು, ನಾನೇ ಸಾಕ್ಷಿ. ಆದರೆ ಈಗ ಅಂಬುಜೆ ಊಟಕ್ಕೆ ಕೂತಾಗಲೂ ಹೊತ್ತಿಗೆಯೊಂದಿಗೇ ಮಾತಾಡುತ್ತಾಳೆ. ನಮ್ಮ ಮಾತು ಅವಳಿಗೆ ಒರಟು. ನಾವು ಅವಳ ಹುಬ್ಬು ನೋಡಿ ಪದ ಬದಲಿಸುವುದಿಲ್ಲವಲ್ಲ. ಹೋದ ವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನನ್ನು ಏನೋ ಕೇಳಿದಳು. ಕ್ರಿಯಾಪದ ಕನ್ನಡದ್ದೇ, ಉಳಿದದ್ದು ಯಾವುದೂ ಅಲ್ಲ. "ಏನು ಮಗಳೇ?" ಎಂದಳು ನನ್ನ ಹೆಂಡತಿ. ಅಂಬುಜೆ ಅದನ್ನೇ ಇನ್ನೊಮ್ಮೆ ಹೇಳಿದಳು, ಸಮಾಧಾನದಿಂದ, ಏನೂ ತಿಳಿಯದ ಮಕ್ಕಳಿಗೆ ಹೇಳುವ ಹಾಗೆ. ಬೇಕಾದದ್ದು ಸಿಗದೆ ಹೊರಟುಹೋದಳು. ಏನು ಬೇಕಿತ್ತೆಂದು ನಮಗೆ ಇವತ್ತಿಗೂ ತಿಳಿದಿಲ್ಲ.

ಒಂದು ಸಂಗತಿ ಮಾತ್ರ ನನ್ನನ್ನು ಇನ್ನೂ ಆಯ್ಕೆಮನೆಯ ಕುರ್ಚಿಯಲ್ಲಿ ಕೂರಿಸಿದೆ. ಆ ಸತ್ತ ಹಾಳೆಗಳನ್ನು ಮೊನ್ನೆ ಇಬ್ಬರು ಹುಡುಗಿಯರ ನಡುವೆ ಇಟ್ಟು ನಾನು ಹೊರಗೆ ಬಂದೆ. 'ಲ್ಯಾಡರ್' ಎಂಬ ಪದ ಸಿಕ್ಕಿತಂತೆ. ಬೇಲಿ ಎಂದಳು ಅಂಬುಜೆ. "ಬೇಲಿ ಅಂತೆ ಬೇಲಿ, ನಿನ್ ತಲೆ" ಎಂದಳು ನಗೀನಾ. ಕಿತ್ತಾಡಿದರು. ಗೊತ್ತಿದ್ದ ಸಣ್ಣಪುಟ್ಟ ಪದ ಕೂಡಿಸಿಕೊಂಡು ನೋಡಿದರೆ, ಮುಂದಿನ ಸಾಲಿನಲ್ಲಿ ಒಬ್ಬ ಮನುಷ್ಯ ಅದರ ಮೇಲೆ ಕಾಲಿಟ್ಟು ಮಾಳಿಗೆಗೆ ಹೋದ. "ಏಣಿ!" ಎಂದು ಇಬ್ಬರೂ ಕೂಗಿದ್ದು ನನಗೆ ಹೊರಗೆ ಕೇಳಿಸಿತು. ಮಾಳಿಗೆಯಲ್ಲಿ ಅವನು ಏನು ಕಂಡನೆಂಬ ಹಾಳೆ ನಮ್ಮಲ್ಲಿಲ್ಲ. ಅಂಬುಜೆ ಆವತ್ತು ಅಚ್ಚ ಕನ್ನಡದಲ್ಲಿ, "ಅಪ್ಪ, ಮುಂದೇನಾಯ್ತು?" ಎಂದು ಕೇಳಿದಳು.

ಆದ್ದರಿಂದ ನನ್ನ ಬೇಡಿಕೆ. ನೀವು ಪುಸ್ತಕ ಆರಿಸುವಾಗ ಒಂದೆರಡು ಬೆರಳು ಮಡಚಿಸುವಂಥದ್ದನ್ನೇ ಆರಿಸಿ. ಒಂದೇ ಪುಸ್ತಕವನ್ನು ಹಲವು ಮಕ್ಕಳ ಕೈಗೆ ಕೊಡಿ, ಅವರು ಅರ್ಥಕ್ಕಾಗಿ ಜಗಳವಾಡಲಿ, ನೀವು ಬಿಡಿಸಲು ಹೋಗಬೇಡಿ. ಕಥೆ ಮಾತ್ರ ಮುಂದೇನಾಯ್ತು ಎಂದು ಕೇಳಿಸುವಂತಿರಲಿ. ನೀತಿಪಾಠ ನಮ್ಮಲ್ಲಿ ಬೇಕಾದಷ್ಟಿದೆ. ಆಮೇಲೆ, ದಯವಿಟ್ಟು, ಅದರ ಎರಡು ಪ್ರತಿಗಳನ್ನು ಇಲ್ಲಿಗೆ ತನ್ನಿ. ನಿಮ್ಮ ಕಾಲದಲ್ಲಿ ಮಧುಗಿರಿಗೆ ಬಸ್ಸು ಇತ್ತೆಂದು ಕೇಳಿದ್ದೇನೆ. ಬೆಟ್ಟದ ಬುಡದಲ್ಲಿ ಕಿಟಕಿಯಿಲ್ಲದ ಒಂದು ಕಲ್ಲುಕೋಣೆ ಇದೆ, ಒಳಗೆ ಎದೆಯೆತ್ತರಕ್ಕೊಂದು ಗೂಡಿದೆಯೆಂದು ಹಳಬರು ಹೇಳುತ್ತಿದ್ದರು. ಅದರಲ್ಲಿಟ್ಟು ಬಾಗಿಲು ಎಳೆದುಕೊಂಡು ಹೋಗಿ. ಎರಡು ಪ್ರತಿ, ಒಂದಲ್ಲ.

ಆ ಕೋಣೆಯನ್ನು ನಮ್ಮ ಕಾಲದವರು ಯಾರೂ ತೆರೆದಿಲ್ಲ. ಇವತ್ತು ಸಂಜೆ ಕೀಲಿ ಸಂಪಾದಿಸಿದೆ, ಬಾಗಿಲ ತನಕವೂ ಹೋದೆ, ತೆರೆಯಲಿಲ್ಲ. ತೆರೆದಾಗ ಗೂಡು ಖಾಲಿಯಿದ್ದರೆ ನಿಮಗೆ ಬರೆಯಲು ನನಗೇನೂ ಉಳಿಯುವುದಿಲ್ಲ. ತೆರೆಯದಿರುವ ತನಕ ನಿಮಗಿನ್ನೂ ಸಮಯವಿದೆ, ನೂರಾರು ವರ್ಷಗಳಷ್ಟು ಸಮಯ.

ನಾಳೆ ಬೆಳಿಗ್ಗೆ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ. ನೀವು ಇಟ್ಟಿದ್ದರೆ, ಅದು ನಾನು ಹುಟ್ಟುವ ಮೊದಲಿನಿಂದಲೂ ಅಲ್ಲೇ ಇದೆ.

ಇಂತಿ,
ಚಿಕ್ಕೀರಪ್ಪ