ಸದ್ದು ಮಾಡದೆ ಸತ್ತ ಫ್ರೀಜರ್

ಪ್ರಾಂತ್ಯದ ವಿದ್ಯುತ್ ಉಳಿತಾಯ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ, ನಮ್ಮ ನೆಲಮಾಳಿಗೆಯಲ್ಲಿ ನಲವತ್ತು ವರ್ಷ ದುಡಿದ ಫ್ರೀಜರನ್ನು, ಕರೆಂಟು ಜಾಸ್ತಿ ತಿನ್ನುತ್ತದೆಂದು ನಿಮ್ಮವರು ಹೊತ್ತೊಯ್ದರು. ಉಳಿತಾಯದ ಮುದ್ರೆಯೊತ್ತಿ ನೀವು ಶಿಫಾರಸು ಮಾಡಿದ ಹೊಸದು ನಾಲ್ಕನೆಯ ಬೇಸಿಗೆಯಲ್ಲೇ ಸತ್ತಿತು. ಹೋಗುವಾಗ ನನ್ನ ಹೆಂಡತಿ ಸ್ಟೆಫಾನಿಯಾ ಮಾಡಿಟ್ಟಿದ್ದ ಕೊನೆಯ ಕಡುಬುಗಳನ್ನೂ ಹಾಳುಮಾಡಿ ಹೋಯಿತು. ಇದನ್ನು ನಿಮಗೆ ಖಾಸಗಿಯಾಗಿ ಬರೆದಿದ್ದೆ. ಉತ್ತರವಾಗಿ ಬಂದದ್ದು ಹೊಸ ಫ್ರಿಜ್ಜುಗಳ ಜಾಹೀರಾತು. ಹಾಗಾಗಿ ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಹಳೆಯದನ್ನು ಕೊಂಡ ವರ್ಷ ನಾನೂ ಸ್ಟೆಫಾನಿಯಾಳೂ ಚಳಿಗಾಲಕ್ಕೆ ಹೊಸ ಕೋಟು ಕೊಳ್ಳಲಿಲ್ಲ, ಅಷ್ಟು ದುಬಾರಿ. ಆದರೆ ಕೊಂಡದ್ದು ಒಂದೇ ಸಲ. ಮುಚ್ಚಳದ ರಬ್ಬರು ಹರಿದಾಗ ನಾನೇ ಬದಲಿಸಿದೆ. ಕರೆಂಟು ಜಾಸ್ತಿ ತಿನ್ನುತ್ತಿತ್ತು, ಒಪ್ಪಿಕೊಳ್ಳುತ್ತೇನೆ. ಮೈಮುರಿದು ದುಡಿಯುವವರು ತುಸು ಜಾಸ್ತಿಯೇ ತಿನ್ನುತ್ತಾರೆ. ನಾಲ್ಕು ವರ್ಷಕ್ಕೊಂದು ಹೊಸದನ್ನು ತಯಾರಿಸಿ, ಹಡಗಿನಲ್ಲಿ ತರಿಸಿ, ಕೊನೆಗೆ ಕಸದ ಗುಂಡಿಗೆ ಎಸೆಯುವುದಕ್ಕೆ ವಿದ್ಯುತ್ತು ಬೇಡವೇ? ಅಥವಾ ಆ ಲೆಕ್ಕ ಬೇರೆ ಕಚೇರಿಯದೋ?

ನಿಮ್ಮವರು ಬಂದಾಗ ನಾನು ಮೆಟ್ಟಿಲಿಗೆ ಅಡ್ಡ ನಿಂತೆ. ಸ್ಟೆಫಾನಿಯಾ ನಕ್ಕಳು. "ಕೊಟ್ಬಿಡೋ ಓರೆಸ್ಟ್. ನಿನ್ನ ಗೊರಕೆ ಸಾಲ್ದು ಅಂತ ಅದರ ಗೊರಕೆನೂ ಕೇಳ್ಬೇಕಾ ನಾನು? ಹೊಸದು ಸದ್ದೇ ಮಾಡಲ್ವಂತೆ. ಏನಾದ್ರೂ ಆದ್ರೆ ಫೋನಿಗೆ ತಾನೇ ಹೇಳುತ್ತಂತೆ." ಇಂಥದ್ದರಲ್ಲಿ ಅವಳು ನನಗಿಂತ ಚುರುಕು. ಹೊಸದು ಬಂದ ದಿನವೇ ತನ್ನ ಫೋನಿಗೆ ಅದನ್ನು ಜೋಡಿಸಿಕೊಂಡಳು.

ಕಳೆದ ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು. ಅವಳ ಕೈಯ ಆಲೂಗಡ್ಡೆ ಕಡುಬು ಒಂದು ಚೀಲ ಉಳಿದಿತ್ತು. ಕೆನಡಾದ ನಮ್ಮ ಉಕ್ರೇನಿ ಮನೆಗಳಲ್ಲಿ ಕ್ರಿಸ್‌ಮಸ್ಸಿನ ಹಿಂದಿನ ಸಂಜೆ, ಹಳೆಯ ಪಂಚಾಂಗದಂತೆ ಜನವರಿ ಆರರಂದು, ತೀರಿಹೋದವರಿಗೂ ಒಂದು ತಟ್ಟೆ ಇಡುತ್ತೇವೆ. ಅವಳ ತಟ್ಟೆಗೆ ಅವಳದೇ ಕಡುಬು ಬಡಿಸಬೇಕೆಂದು ಆ ಚೀಲವನ್ನು ನಾನು ಮುಟ್ಟಿರಲಿಲ್ಲ.

ಜುಲೈಯ ಸೆಕೆಯಲ್ಲಿ ವಾಸನೆ ಬಂದು ಕೆಳಗಿಳಿದು ನೋಡಿದರೆ ಎಲ್ಲ ಕರಗಿ ಹುಳಿ ಬಂದಿತ್ತು. ಹಳೆಯದಾಗಿದ್ದರೆ ಅದರ ಸದ್ದು ನಿಂತ ಕೂಡಲೇ ನನಗೆ ತಿಳಿಯುತ್ತಿತ್ತು. ಈಗ ಈ ಮನೆಯಲ್ಲಿ ಯಾವ ಸದ್ದೂ ಇಲ್ಲ, ಮಾನ್ಯರೇ. ಗುಂಯ್‌ಗುಡುವ ಒಂದು ಪೆಟ್ಟಿಗೆಯಾದರೂ ಇದ್ದಿದ್ದರೆ ಜೊತೆಗಿರುತ್ತಿತ್ತು ಎನಿಸುತ್ತದೆ.

ರಿಪೇರಿಯವನು ಬಂದು ತಲೆಯಾಡಿಸಿದ. "ಇದನ್ನ ಬಿಚ್ಚೋ ಹಾಗೇ ಮಾಡಿಲ್ಲ, ಯಜಮಾನ್ರೇ. ಹೊಸದು ತಗೊಳ್ಳಿ, ಅದೇ ಅಗ್ಗ." ಕಂಪನಿಗೆ ಫೋನು ಮಾಡಿದೆ. ಎಳೆಯ ದನಿಯ ಹುಡುಗಿ.

"ನಾವು ಎಚ್ಚರಿಕೆ ಕಳಿಸಿದ್ವಲ್ಲ ಸರ್."

"ಯಾರಿಗಮ್ಮಾ?"

"ಸ್ಟೆಫಾನಿಯಾ ಮೇಡಂಗೆ. ಅವರ ನಂಬರೇ ಇರೋದು. ಒಂದ್ನಿಮಿಷ ಅವರಿಗೆ ಕೊಡ್ತೀರಾ?"

ಸ್ಟೆಫಾನಿಯಾಳ ಫೋನು ಫೆಬ್ರವರಿಯಿಂದಲೇ ಆಫ್ ಆಗಿ ಮೇಜಿನ ಖಾನೆಯಲ್ಲಿತ್ತು. "ಸರ್, ಲೈನಲ್ಲಿದೀರಾ?" ಎಂದಳು ಹುಡುಗಿ. ಪಾಪ, ಅವಳದೇನು ತಪ್ಪು.

ಬಿಚ್ಚಿ ರಿಪೇರಿ ಮಾಡಲಾಗದ ಯಾವ ಯಂತ್ರದ ಮೇಲೂ ನಿಮ್ಮ ಉಳಿತಾಯದ ಮುದ್ರೆ ಇರಕೂಡದು. ಇದು ನನ್ನ ಬೇಡಿಕೆ. ಇನ್ನೊಂದೂ ಇದೆ. ಜನವರಿ ಆರರ ಸಂಜೆ ನೀವು ಖುದ್ದಾಗಿ ನಮ್ಮ ಮನೆಗೆ ಊಟಕ್ಕೆ ಬರಬೇಕು. ಬೇರೆ ಬರುವವರು ಯಾರೂ ಇಲ್ಲ, ಜಾಗ ಬೇಕಾದಷ್ಟಿದೆ. ಸ್ಟೆಫಾನಿಯಾಳ ತಟ್ಟೆಗೆ ನಾನು ಅಂಗಡಿಯ ಕಡುಬು ಬಡಿಸುವಾಗ ನೀವು ಎದುರಿಗೆ ಕೂತಿರಬೇಕು.

ಇಂತಿ,
ಫ್ರೀಜರೇ ಇಲ್ಲದೆ ಸದ್ಯ ವಿದ್ಯುತ್ತನ್ನು ಪೂರ್ತಿ ಉಳಿಸುತ್ತಿರುವ
ಓರೆಸ್ಟ್ ಹಾವ್ರಿಲುಕ್
ಕಲಿನಾ ಕ್ರೀಕ್, ಕೆನಡಾ