ಹೊನ್ನಿಯ ಮುಂಗೈ ಮುರಿದದ್ದು

ಶನಿವಾರಸಂತೆ
೧೨-೫-೧೯೫೪

ಚಿ|| ಸೌ|| ತಂಗಿ ವನಜಮ್ಮನಿಗೆ,

ನಿನ್ನ ಅಣ್ಣ ಕೆಂಪಣ್ಣನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಬರೆಯಲಾರೆ. ಕಾಗದ ತಡವಾಯಿತು, ಮನ್ನಿಸು. ಮೊದಲೇ ಬರೆದಿದ್ದರೆ ಟಪಾಲಿನವನೂ ಮುಟ್ಟಲು ನಾಚುವಂಥ ಮಾತು ಬರುತ್ತಿತ್ತು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ.

ರಜೆಗೆಂದು ನಮ್ಮಲ್ಲಿಗೆ ಬಂದ ನಿನ್ನ ಮಗಳು ಹೊನ್ನಿ, ಬಂದ ಮಾರನೆಯ ದಿನವೇ ಮುಂಗೈ ಮುರಿದುಕೊಂಡಳು. ಮಡಿಕೇರಿಗೆ ಕರೆದೊಯ್ದು ಪಟ್ಟಿ ಕಟ್ಟಿಸಿದ್ದೇನೆ, ಎದೆ ಹೊಡೆದುಕೊಳ್ಳಬೇಡ. ಮರ ಹತ್ತಿದ್ದಳೇ ಎಂದು ಕೇಳುತ್ತೀ. ಇಲ್ಲ. ನಮ್ಮ ಜಗುಲಿಯಿಂದ ಇಳಿಯುವಾಗ ಕಾಲು ಜಾರಿತು, ಕೈ ಊರಿದಳು, ಅಷ್ಟೇ. ಮೊಣಕಾಲೆತ್ತರವೂ ಇಲ್ಲದ ಜಗುಲಿ ಅದು! ಅವಳ ವಯಸ್ಸಿನಲ್ಲಿ ನಾನು ಹಲಸಿನ ಮರದ ನೆತ್ತಿಯಿಂದ ಬಿದ್ದವನು. ಕೊಂಬೆ ಮುರಿಯಿತು, ನಾನು ಮುರಿಯಲಿಲ್ಲ. ಅಪ್ಪ ಹೊಡೆದದ್ದೂ ಕೊಂಬೆ ಹೋಯಿತಲ್ಲ ಎಂದು. ಅಂಥ ಮನೆಯ ಮೂಳೆ ನಮ್ಮದು. ಇವಳದು ಯಾಕೆ ಹಪ್ಪಳದ ಹಾಗೆ ಮುರಿಯಿತು?

ಡಾಕ್ಟರು ಅವಳ ಉಚ್ಚೆಯನ್ನು ನೀಲಿ ಔಷಧಿಗೆ ಬೆರೆಸಿ ಕಾಯಿಸಿದರು. ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಸಕ್ಕರೆ ಸುರಿದುಹೋಗುತ್ತಿದೆ ಎಂದರು.

"ಇನ್ಸುಲಿನ್ ಸೂಜಿ ದಿನಾ ಹಾಕ್ತಾರಾ?"

"ತಪ್ಪದೆ ಹಾಕ್ತಾರೆ ಸ್ವಾಮಿ. ಇಲ್ಲಿ ನಾನೇ ಹಾಕೋದು. ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗಲ್ಲ, ಬೇಕಾದ್ರೆ ನಿಮ್ಗೂ ಹಾಕಿ ತೋರಿಸ್ತೀನಿ" ಎಂದೆ.

ಪಕ್ಕದಲ್ಲಿ ಕೂತ ಹೊನ್ನಿ ಮೆಲ್ಲಗೆ ಅಂದಳು: "ಶುಕ್ರವಾರ ಅರ್ಧ ಸೂಜಿನೇ ಮಾವ. ಅವತ್ತು ನಾನು ಉಪವಾಸ. ಅಜ್ಜಿ ಹರಕೆ ಹೊತ್ತವ್ಳೆ, ನಂಗೆ ವಾಸಿಯಾಗ್ಲಿ ಅಂತ."

ಆಮೇಲೆ ಒಂದೊಂದಾಗಿ ಹೊರಬಂತು. ಹಾಲು ಸಿಹಿ, ಅದಕ್ಕೆ ಹಾಲಿಲ್ಲ. ಹಾಲಿಲ್ಲದ ಮೇಲೆ ಮೊಸರೆಲ್ಲಿ? ಮುದ್ದೆ ಭಾರ, ನೀರಾದ ಗಂಜಿ ಸಾಕು. ಬಿಸಿಲಿಗೆ ಸುಸ್ತಾಗುತ್ತದೆ, ಒಳಗೇ ಕೂರಬೇಕು. ಇದೆಲ್ಲ ನಿನ್ನ ಅತ್ತೆ ಮಹಾದೇವಮ್ಮನವರ ವೈದ್ಯ!

ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಸಕ್ಕರೆ ಹದ ತಪ್ಪಿದ್ರೆ ಮಕ್ಕಳ ಮೂಳೆ ಬಲಿಯೋದಿಲ್ಲ, ಎತ್ತರಾನೂ ಬರೋದಿಲ್ಲ. ಅದರ ಮೇಲೆ ಹಾಲು ನಿಲ್ಲಿಸಿ, ಬಿಸಿಲು ತಪ್ಪಿಸಿದ್ರೆ ಆ ಮೂಳೆ ಏನು ತಿಂದು ಬೆಳೀಬೇಕು? ಈ ಮಗುವಿಗೆ ಇರೋದು ಸಕ್ಕರೆ ಕಾಯಿಲೆ ಒಂದೇ ಅಲ್ಲ ಕೆಂಪಣ್ಣ, ಹಸಿವೂ ಇದೆ."

 

ವನಜಾ, ನಿಮ್ಮ ಕೊಟ್ಟಿಗೆಯಲ್ಲಿ ಕರೆಯುವ ಎಮ್ಮೆ ಇದೆ. ಆ ಹಾಲು ಕುಶಾಲನಗರದ ಹೋಟೆಲಿನವರ ಹೊಟ್ಟೆಗೆ ಹೋಗುತ್ತದೆ, ಹೆತ್ತ ಮಗಳ ಹೊಟ್ಟೆಗೆ ಹೋಗುವುದಿಲ್ಲ. ನಿನ್ನ ಅತ್ತೆಗೆ ಹರಕೆ ಬೇಕಿದ್ದರೆ ಅವರೇ ಉಪವಾಸವಿರಲಿ. ಆ ಮೈಗೆ ನಾಲ್ಕು ಶುಕ್ರವಾರ ಏನೂ ಮಾಡುವುದಿಲ್ಲ. ಭಾವ ದೇವರಾಜು ಪಂಚಾಯತಿಯಲ್ಲಿ ಹತ್ತು ಊರಿಗೆ ನ್ಯಾಯ ಹೇಳುವವರು, ತಾಯಿಯ ಮುಂದೆ ನಾಲಿಗೆ ನುಂಗಿಕೊಂಡರೇ? ನೀನು? ಚಿಕ್ಕವಳಿದ್ದಾಗ ನನ್ನ ತಟ್ಟೆಯ ಬೆಲ್ಲ ಕಿತ್ತುಕೊಳ್ಳಲು ಕೈ ಕಚ್ಚಿದವಳು ನೀನು. ಆ ಹಲ್ಲೆಲ್ಲಿ ಹೋಯಿತು?

ಈಗ ಅವಳಿಗೆ ದಿನವೂ ಅಳತೆಯ ಹಾಲು, ರಾಗಿ ಮುದ್ದೆ, ಸೊಪ್ಪು, ಡಾಕ್ಟರು ಹೇಳಿದಷ್ಟೇ ಸೂಜಿ. ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಓಡಾಡಿಸುತ್ತೇನೆ. ಉಚ್ಚೆ ಕಾಯಿಸಿ ನೋಡಿದರೆ ನೀಲಿ ಔಷಧಿ ನಿನ್ನೆ ಇಟ್ಟಿಗೆ ಬಣ್ಣಕ್ಕೆ ಹೋಗದೆ ಹಸಿರಿಗೇ ನಿಂತಿತು! ನಿನ್ನ ಅತ್ತಿಗೆ ಸಿದ್ದಮ್ಮ, "ನೀವೇ ಡಾಕ್ಟರಾದಂಗೆ ಮೆರೀಬೇಡಿ" ಎಂದು ಗದರಿದಳು. ಮೆರೆಯುತ್ತೇನೆ, ಯಾಕೆ ಮೆರೆಯಬಾರದು?

ಶಾಲೆ ಶುರುವಾದರೂ ಹೊನ್ನಿಯನ್ನು ಕಳಿಸುವುದಿಲ್ಲ. ನೀನೂ ಭಾವನೂ ಬಂದು, ಆ ಡಾಕ್ಟರ ಎದುರು ಕೂತು, ಹೇಳಿದ್ದನ್ನು ಕೇಳಿ, "ಹಾಗೇ ನಡೆಸುತ್ತೇವೆ" ಎನ್ನಬೇಕು. ಅಲ್ಲಿಯ ತನಕ ಅವಳು ಇಲ್ಲಿನ ಶಾಲೆಗೆ ಹೋಗುತ್ತಾಳೆ. ಗಾಡಿ ಕಟ್ಟಿಕೊಂಡು ಜಗಳಕ್ಕೆ ಬಂದರೂ ಸರಿ. ಊಟ ಹಾಕಿಯೇ ಜಗಳವಾಡುತ್ತೇನೆ.

ನಿನ್ನ ಚಿಕ್ಕ ಮಗಳು ಚಿನ್ನಿಗೆ ಮುತ್ತು. ಭಾವನಿಗೆ ನಮಸ್ಕಾರ, ಅತ್ತೆಯವರಿಗೂ, ಇಷ್ಟವಿಲ್ಲದಿದ್ದರೂ. ನಿನಗೆ ದೇವರು ಒಳ್ಳೆಯದು ಮಾಡಲಿ, ಜೊತೆಗೆ ಸ್ವಲ್ಪ ಧೈರ್ಯವನ್ನೂ ಕೊಡಲಿ.

ನಿನ್ನ ಅಣ್ಣ,
ಕೆಂಪಣ್ಣ

ಮರೆತಿದ್ದೆ: ಮರೆತಿದ್ದೆ ಎಂಬುದು ಸುಳ್ಳು. ಇದನ್ನು ಬರೆಯಲು ಕೈ ಬರಲಿಲ್ಲ. ಕಳೆದ ಸಂತೆಯ ದಿನ ಹೊನ್ನಿಗೆ ಲಂಗ ಹೊಲಿಸಲು ಹೋಗಿದ್ದೆ. ದರ್ಜಿ ಸಾಬರು ಅಳತೆ ತೆಗೆದು, ಬೆಳೆಯುವ ಮಕ್ಕಳಿಗೆ ಎಲ್ಲರೂ ಇಡುವ ಹಾಗೆ, "ಕೆಳಗೆ ಎರಡು ಮಡಿಕೆ ಇಡ್ತೀನಿ, ಉದ್ದ ಆದಂಗೆ ಬಿಚ್ಕೋಬಹುದು" ಎಂದರು. ಹೊನ್ನಿ ಅಂದಳು: "ಮಡಿಕೆ ಬ್ಯಾಡ. ಯುಗಾದಿಗೆ ಅಮ್ಮ ಚಿನ್ನಿ ಲಂಗಕ್ಕೆ ಮಾತ್ರ ಇಡಿಸಿದ್ಳು. ನಂದಕ್ಕೆ ಬ್ಯಾಡವಂತೆ."

ಅಳಲಿಲ್ಲ ವನಜಾ, ಬಟ್ಟೆಯ ಬಣ್ಣ ಹೇಳಿದಂತೆ ಹೇಳಿದಳು. ನಾನು ಮೂರು ಮಡಿಕೆ ಇಡಿಸಿದ್ದೇನೆ. ನೀನು ಬಂದಾಗ ಮೊದಲನೆಯದನ್ನು ನಿನ್ನ ಕೈಯಿಂದಲೇ ಬಿಚ್ಚಿಸುತ್ತೇನೆ, ಅವಳ ಕಣ್ಣೆದುರಿಗೆ.